ಮರದ ನೆರಳಿನ ಯುದ್ಧ ಸ್ಮಾರಕಗಳು: ವೀರಗಲ್ಲನ್ನು ಓದುವುದು ಹೇಗೆ?

ಯುದ್ಧ ಸ್ಮಾರಕ ಎಂದೊಡನೆ ನಿಮ್ಮ ಕಣ್ಣಮುಂದೆ ಏನು ಬರುತ್ತದೆ? ದೊಡ್ಡ ನಗರದ ನಡುವಿನ ಉದ್ಯಾನ, ಸಾಲುಮರಗಳು, ನಯಗೊಳಿಸಿದ ಕಲ್ಲಿನ ಮೇಲೆ ಕೊರೆದ ಹೆಸರುಗಳು. ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರೂ ತಾರಾಲಯದ ಸಮೀಪ ಅಂಥದೊಂದು ರಾಷ್ಟ್ರೀಯ ಸೈನಿಕ ಸ್ಮಾರಕ ಉದ್ಯಾನವಿದೆ. ದೆಹಲಿಯಲ್ಲಿ ಇಂಡಿಯಾ ಗೇಟಿನ ಬಳಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕವಿದೆ. ಇವನ್ನು ನೋಡಲು ನೀವು ಶಾಲಾ ಪ್ರವಾಸದಲ್ಲಿ ಹೋಗಿರಬಹುದು, ಇಲ್ಲವೆ ಮುಂದೆ ಹೋಗಬಹುದು.

ಆದರೆ ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಕಡೆಯ ವಿದ್ಯಾರ್ಥಿಗಳು ಯುದ್ಧ ಸ್ಮಾರಕ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಊರ ಬಾಗಿಲಿನ ಅರಳಿಕಟ್ಟೆ, ಕೆರೆಯ ಏರಿ, ಹಳೆಯ ಗುಡಿಯ ಅಂಗಳ, ಹೊಲದ ಬದುವಿನ ಹುಣಸೆ ಮರದ ಬುಡ, ಇಂಥ ಕಡೆಗಳಲ್ಲಿ ಸೊಂಟದೆತ್ತರದ, ಕೆಲವೊಮ್ಮೆ ಆಳೆತ್ತರದ, ಚಿತ್ರ ಕೆತ್ತಿದ ಕಲ್ಲುಗಳು ನಿಂತಿರುತ್ತವೆ. ಅವೇ ವೀರಗಲ್ಲುಗಳು. ಸಾವಿರ ವರ್ಷಗಳ ಹಿಂದೆಯೇ ನಮ್ಮ ಹಳ್ಳಿಗಳು ತಮ್ಮವರಿಗಾಗಿ ನಿಲ್ಲಿಸಿದ ಬಯಲು ಸ್ಮಾರಕಗಳು ಇವು.

ಗಡಿನಾಡಿನ ಕಥೆ

ಈ ಭಾಗದಲ್ಲಿ ಇಂಥ ಕಲ್ಲುಗಳು ಇರುವುದಕ್ಕೆ ಕಾರಣವೇನು? ಭೂಪಟವನ್ನು ಬಿಡಿಸಿ ನೋಡಿ. ಗುಂಡ್ಲುಪೇಟೆಯಿಂದ ಒಂದು ದಾರಿ ಬಂಡೀಪುರದ ಮೂಲಕ ಊಟಿಗೆ ಹೋಗುತ್ತದೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಕಡೆಗೆ ವಯನಾಡಿಗೆ ಇಳಿಯುತ್ತದೆ. ಚಾಮರಾಜನಗರದಿಂದ ದಕ್ಷಿಣಕ್ಕೆ ಹೊರಟರೆ ಸತ್ಯಮಂಗಲದ ಕಾಡುಗಳನ್ನು ದಾಟಿ ಕೊಂಗುನಾಡು ಸೇರುತ್ತೀರಿ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಉಮ್ಮತ್ತೂರಿನ ಪಾಳೆಯಗಾರರು, ಮೈಸೂರಿನ ಒಡೆಯರು, ಹೀಗೆ ಒಬ್ಬರಾದ ಮೇಲೊಬ್ಬರು ಈ ದಾರಿಗಳ ಮೇಲೆ ಕಣ್ಣಿಟ್ಟರು. ಮೂರು ನಾಡುಗಳು ಕೂಡುವ ಕಡೆ ದಂಡು ನಡೆಯುವುದೂ ಹೆಚ್ಚು, ದನ ಕಳವಾಗುವುದೂ ಹೆಚ್ಚು.

ಇದಕ್ಕೆ ಚಾಮರಾಜನಗರದಲ್ಲೇ ಒಂದು ಬರಹದ ಸಾಕ್ಷಿಯಿದೆ. ಈ ಪಟ್ಟಣದ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ಇಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ನೆನಪಿಗಾಗಿ ಈಗಿನ ಹೆಸರಿಟ್ಟರು. ಇಲ್ಲಿನ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ. ಆ ಬಸದಿಯ ಕ್ರಿ.ಶ. 1117ರ ಶಾಸನದಲ್ಲಿ ಅವನು ತೊದವರನ್ನು ಬೆದರಿಸಿದ್ದು, ಕೊಂಗರನ್ನು ಸೋಲಿಸಿದ್ದು, ನೀಲಗಿರಿಯನ್ನು ಹಿಡಿದದ್ದು ಹೊಗಳಿಕೆಯ ಮಾತುಗಳಲ್ಲಿ ಬಂದಿದೆ. ನೀಲಗಿರಿಯ ತೊದವರ ಬಗ್ಗೆ ದೊರೆತಿರುವ ಅತಿ ಹಳೆಯ ಲಿಖಿತ ಉಲ್ಲೇಖಗಳಲ್ಲಿ ಇದು ಸೇರಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಸದಿಯ ಶಾಸನ ದಂಡನಾಯಕನ ಗೆಲುವನ್ನು ಹೇಳುತ್ತದೆ. ಅವನ ದಂಡಿನಲ್ಲಿ ನಡೆದವರು, ಊರು ಕಾಯುತ್ತ ಸತ್ತವರು, ಹಟ್ಟಿಯ ದನ ಬಿಡಿಸಲು ಹೋಗಿ ಮರಳದವರು ಯಾರು? ಅವರ ವಿಷಯವನ್ನು ತಿಳಿಯಬೇಕಾದರೆ ಬಸದಿಯಿಂದ ಹೊರಬಂದು ಮರದ ಕೆಳಗಿನ ಕಲ್ಲಿನ ಬಳಿಗೆ ಹೋಗಬೇಕು. ವೀರಗಲ್ಲಿನ ಮಹತ್ವ ಇರುವುದು ಇಲ್ಲಿಯೇ. ಅರಸರ ಚರಿತ್ರೆಯಲ್ಲಿ ಸ್ಥಳ ಸಿಗದ ದನಗಾಹಿ, ತಳವಾರ, ಊರಿನ ಕಾವಲಿನವ, ಇಂಥವರಿಗೂ ಅದು ಹೆಸರನ್ನೂ ಮುಖವನ್ನೂ ಕೊಡುತ್ತದೆ.

ಕೆಳಗಿನಿಂದ ಮೇಲಕ್ಕೆ ಓದಿ

ಪುಸ್ತಕದ ಪುಟವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ. ವೀರಗಲ್ಲಿನ ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ.

ಕೆಳಗಿನ ಪಟ್ಟಿಕೆಯಲ್ಲಿ ಕಾಳಗದ ದೃಶ್ಯ. ಉಳಿದವರಿಗಿಂತ ದೊಡ್ಡದಾಗಿ ಕೆತ್ತಿದವನೇ ವೀರ. ಅವನ ಕೈಯಲ್ಲಿರುವುದು ಬಿಲ್ಲೇ, ಕತ್ತಿ ಗುರಾಣಿಯೇ, ಕಠಾರಿಯೇ ನೋಡಿ. ಅವನು ಕಾಲಾಳೋ, ಕುದುರೆಯ ಮೇಲಿದ್ದಾನೋ ನೋಡಿ. ಪಕ್ಕದಲ್ಲಿ ಹಸುಗಳ ಸಾಲಿದ್ದರೆ ಅದು ‘ತುರುಗೊಳ್’, ಅಂದರೆ ದನಗಳನ್ನು ಹೊಡೆದುಕೊಂಡು ಹೋದವರೊಡನೆ ನಡೆದ ಹೋರಾಟ. ದನವೇ ಸಂಪತ್ತಾಗಿದ್ದ ಕಾಲದಲ್ಲಿ ಹಟ್ಟಿ ಬರಿದಾದರೆ ಊರೇ ಹಸಿದು ಕೂರಬೇಕಾಗಿತ್ತು. ಹೆಂಗಸರ ಮಾನ ಕಾಯಲು ನಡೆದ ಹೋರಾಟಕ್ಕೆ ಶಾಸನಗಳು ‘ಪೆಣ್ಬುಯ್ಯಲ್’ ಎನ್ನುತ್ತವೆ. ಊರಿಗೆ ಊರೇ ಹಾಳಾಗುವಂಥ ದಾಳಿ ‘ಊರಳಿವು’. ಕಾಡಂಚಿನ ಊರುಗಳ ಕೆಲವು ಕಲ್ಲುಗಳಲ್ಲಿ ಎದುರಾಳಿ ಮನುಷ್ಯನಲ್ಲ, ಹುಲಿ ಅಥವಾ ಹಂದಿ.

ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನ ಎರಡೂ ತೋಳುಗಳನ್ನು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಕೆಲವು ಕಲ್ಲುಗಳಲ್ಲಿ ಅವನು ವಿಮಾನದಲ್ಲಿ ಕುಳಿತಿರುತ್ತಾನೆ, ಅಕ್ಕಪಕ್ಕದವರು ಚಾಮರ ಬೀಸುತ್ತಾರೆ.

ಮೇಲಿನ ಪಟ್ಟಿಕೆಯಲ್ಲಿ ಅವನು ದೇವರ ಸನ್ನಿಧಿ ಸೇರಿದ್ದಾನೆ. ಶಿವಲಿಂಗ, ನಂದಿ, ಪೂಜೆ ಮಾಡುವ ಯತಿ, ಕೈಮುಗಿದು ಕುಳಿತ ವೀರ ಕಾಣುತ್ತಾರೆ. ಲಿಂಗದ ಬದಲು ತೀರ್ಥಂಕರನಿದ್ದರೆ ಸತ್ತವನು ಜೈನನಾಗಿರಬಹುದು. ತುದಿಯಲ್ಲಿ ಸೂರ್ಯ ಚಂದ್ರರಿರುತ್ತಾರೆ. ಅವರಿರುವವರೆಗೂ ಈ ಹೆಸರಿರಲಿ ಎಂಬುದು ಅದರ ಅರ್ಥ.

ಎಲ್ಲ ಕಲ್ಲುಗಳೂ ಹೀಗೆಯೇ ಇರುವುದಿಲ್ಲ. ಗಂಗರ ಕಾಲದ ಹಲವು ಕಲ್ಲುಗಳಲ್ಲಿ ಒಂದೇ ದೃಶ್ಯವಿದೆ. ಪಕ್ಕದಲ್ಲಿ ಮೊಳಕೈ ಮಡಿಸಿ ಮೇಲೆತ್ತಿದ, ಬಳೆ ತೊಟ್ಟ ತೋಳನ್ನು ಕೆತ್ತಿದ್ದರೆ ಅದು ಮಾಸ್ತಿಕಲ್ಲು. ಗಂಡನೊಡನೆ ಸಹಗಮನ ಮಾಡಿದವಳ ಗುರುತು. ವೀರನ ಸಾವಿಗೆ ಅವನ ಮನೆಯ ಹೆಂಗಸು ತೆತ್ತ ಬೆಲೆಯನ್ನು ಈ ಕಲ್ಲು ನೆನಪಿಸುತ್ತದೆ. ಸಹಗಮನವನ್ನು ಇಂದು ನಾವು ಮೆಚ್ಚುವುದಿಲ್ಲ, ಕಾನೂನೂ ಒಪ್ಪುವುದಿಲ್ಲ. ಆದರೂ ಅಂಥ ಕಲ್ಲು ನಮಗೆ ಬೇಕು, ಏಕೆಂದರೆ ನಡೆದದ್ದಕ್ಕೆ ಅದು ಸಾಕ್ಷಿ.

ಊರಿನ ಮೇಲಿನ ಋಣ

ಎಷ್ಟೋ ವೀರಗಲ್ಲುಗಳಲ್ಲಿ ಅಕ್ಷರವೇ ಇರುವುದಿಲ್ಲ. ಅಕ್ಷರವಿರುವ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಲ, ಆಳುತ್ತಿದ್ದ ಅರಸ, ಸತ್ತವನ ಹೆಸರು, ಸಾವಿನ ಕಾರಣ, ಕಲ್ಲು ನಿಲ್ಲಿಸಿದವರು, ಇಷ್ಟು ಸಂಗತಿಗಳಿರುತ್ತವೆ. ಶಕವರ್ಷ ಕಂಡರೆ ಅದಕ್ಕೆ 78 ಕೂಡಿಸಿ. ಶಕ 1039 ಎಂದರೆ ಕ್ರಿ.ಶ. 1117.

ಆಮೇಲೆ ಬರುವ ಮಾತು ಬಹಳ ಮುಖ್ಯವಾದದ್ದು. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಯ ವಿವರ ಅಲ್ಲಿರುತ್ತದೆ. ಈ ದತ್ತಿಗೆ ಶಾಸನಗಳಲ್ಲಿ ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಹೆಸರುಗಳಿವೆ. ‘ಬಾಳ್’ ಎಂದರೆ ಕತ್ತಿ, ‘ಕಳ್ಚು’ ಎಂದರೆ ತೊಳೆ. ‘ನೆತ್ತರುಗೊಡಗೆ’ ಎಂದರೆ ಸುರಿಸಿದ ರಕ್ತಕ್ಕಾಗಿ ಕೊಟ್ಟ ಕೊಡುಗೆ. ಈ ದತ್ತಿಯನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ತಟ್ಟಲಿ ಎಂಬಂಥ ಶಾಪವೂ ಕೊನೆಯಲ್ಲಿರುತ್ತದೆ. ಅಂದರೆ ವೀರಗಲ್ಲು ಬರಿಯ ಹೊಗಳಿಕೆಯಲ್ಲ. ಸತ್ತವನ ಹೆಂಡತಿ ಮಕ್ಕಳನ್ನು ಊರು ಕೈಬಿಡುವುದಿಲ್ಲ ಎಂದು ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಬರೆದಿಟ್ಟ ಕರಾರುಪತ್ರ ಅದು. ಅದನ್ನು ಕತ್ತಲ ಕೋಣೆಯಲ್ಲಿಡದೆ ಎಲ್ಲರೂ ಓಡಾಡುವ ಮರದಡಿಯಲ್ಲಿ ನಿಲ್ಲಿಸಿದ್ದು ಎಷ್ಟು ಅರ್ಥಪೂರ್ಣ, ಯೋಚಿಸಿ.

ಕಲ್ಲು ಹೇಳದೆ ಬಿಟ್ಟದ್ದನ್ನೂ ನೀವು ಯೋಚಿಸಬೇಕು. ದನ ಹೊಡೆದುಕೊಂಡು ಹೋದವರಿಗೂ ಒಂದು ಊರಿತ್ತು. ಆ ಕಾಳಗದಲ್ಲಿ ಅವರ ಕಡೆಯವನೊಬ್ಬ ಸತ್ತಿದ್ದರೆ ಆ ಊರೂ ಅವನಿಗೊಂದು ಕಲ್ಲು ನಿಲ್ಲಿಸಿರಬಹುದು. ಪುಣಿಸನ ಶಾಸನದಲ್ಲಿ ತೊದವರ ಮಾತು ಇಲ್ಲ. ಪ್ರತಿಯೊಂದು ಸ್ಮಾರಕವೂ ಒಂದು ಕಡೆಯ ನೆನಪು. ಇದನ್ನು ತಿಳಿದು ಓದಿದರೆ ಗೌರವ ಕಡಿಮೆಯಾಗುವುದಿಲ್ಲ, ತಿಳಿವಳಿಕೆ ಹೆಚ್ಚುತ್ತದೆ.

ಒಂದು ಕಲ್ಲು ಉಳಿದರೆ

ಒಂದೇ ಒಂದು ಕಲ್ಲು ಉಳಿದದ್ದರಿಂದ ಎಷ್ಟು ಲಾಭವಾಗಬಹುದು ಎಂಬುದಕ್ಕೆ ಎರಡು ಉದಾಹರಣೆಗಳನ್ನು ನೋಡೋಣ. ಬೆಂಗಳೂರಿನ ಬಳಿಯ ಬೇಗೂರಿನಲ್ಲಿ (ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಲ್ಲ) ಸುಮಾರು ಕ್ರಿ.ಶ. 900ರ ಸ್ಮಾರಕ ಶಾಸನವೊಂದಿದೆ. ‘ಬೆಂಗಳೂರು ಕಾಳಗ’ದಲ್ಲಿ ಸತ್ತವನನ್ನು ಅದು ನೆನೆಯುತ್ತದೆ. ಬೆಂಗಳೂರು ಎಂಬ ಹೆಸರು ಅಷ್ಟು ಹಳೆಯದು ಎಂಬುದು ನಮಗೆ ಗೊತ್ತಾದದ್ದು ಈ ಕಲ್ಲಿನಿಂದ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949–50ರ ಶಾಸನ, ಕಾಡುಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ಬೇಟೆನಾಯಿಯ ಸ್ಮಾರಕ. ಅದೇ ಕಲ್ಲು ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ದೊಡ್ಡ ಯುದ್ಧದ ವಿಷಯವನ್ನೂ ತಿಳಿಸುತ್ತದೆ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಸಂಪ್ರದಾಯ ನಿಂತುಹೋಗಿಲ್ಲ. ಮೊದಲು ಹೇಳಿದ ಬೆಂಗಳೂರಿನ ಸೈನಿಕ ಸ್ಮಾರಕದ ಮುಖ್ಯ ಶಿಲೆಗೆ ‘ವೀರಗಲ್ಲು’ ಎಂದೇ ಹೆಸರು. ಅದು ಸುಮಾರು 75 ಅಡಿ ಎತ್ತರದ ಏಕಶಿಲೆ. ಸ್ವಾತಂತ್ರ್ಯಾನಂತರ ಪ್ರಾಣ ಕೊಟ್ಟ ಸೈನಿಕರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೊರೆಯಲಾಗಿದೆ. ಆ ಉದ್ಯಾನದ ಮರಗಳಿಗೆ ಧಕ್ಕೆಯಾಗುತ್ತದೆಂಬ ಆಕ್ಷೇಪ ಎದ್ದು ವಿಷಯ ನ್ಯಾಯಾಲಯದವರೆಗೂ ಹೋಯಿತು. ಪ್ರದರ್ಶನ ಭವನವನ್ನು ನೆಲದಡಿಯಲ್ಲಿ ಕಟ್ಟಲಾಯಿತು. ದೆಹಲಿಯ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅದರ ಹೊರಸುತ್ತಾದ ‘ರಕ್ಷಕ ಚಕ್ರ’ವನ್ನು ಕಲ್ಲಿನಿಂದ ಕಟ್ಟಿಲ್ಲ, ಅಲ್ಲಿ ನೆಟ್ಟ 600ಕ್ಕೂ ಹೆಚ್ಚು ಮರಗಳೇ ಕಾವಲಿನ ಯೋಧರ ಸಂಕೇತ. ಹೆಸರು ಕೊರೆದ ಕಲ್ಲು, ಪಕ್ಕದಲ್ಲಿ ಮರ: ನಮ್ಮ ಹಳ್ಳಿಯ ಕಟ್ಟೆಯಲ್ಲಿರುವುದೂ ಇದೇ ಅಲ್ಲವೆ?

ನೋಡಲು ಹೋಗುವಾಗ

ನಿಮ್ಮ ಊರಿನ ಕಲ್ಲನ್ನು ನೋಡಲು ಹೋಗುವಾಗ ಕೆಲವು ವಿಷಯಗಳು ನೆನಪಿರಲಿ.

ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ. ಆಗ ಕೆತ್ತನೆಯ ಹಳ್ಳದಲ್ಲಿ ನೆರಳು ಬಿದ್ದು ಅಕ್ಷರಗಳು ಎದ್ದು ಕಾಣುತ್ತವೆ. ದಟ್ಟ ನೆರಳಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ.

ಕಲ್ಲನ್ನು ಇಟ್ಟಿಗೆ, ತಂತಿ ಬ್ರಷ್ಷುಗಳಿಂದ ಉಜ್ಜಬೇಡಿ. ಸೀಮೆಸುಣ್ಣ, ಬಣ್ಣ ತುಂಬಬೇಡಿ. ಶಾಸನದ ಪಡಿಯಚ್ಚು ತೆಗೆಯುವುದು ತರಬೇತಿ ಪಡೆದವರ ಕೆಲಸ. ನೀವು ಅಳತೆ ತೆಗೆದುಕೊಳ್ಳಿ, ಚಿತ್ರ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಯಾವ ಮರದಡಿ ಇದೆ ಎಂದು ಗುರುತು ಹಾಕಿಕೊಳ್ಳಿ.

ಊರ ಹಿರಿಯರನ್ನು ವಿಚಾರಿಸಿ. ಎಷ್ಟೋ ಕಡೆ ವೀರಗಲ್ಲಿಗೆ ದೇವರೆಂದು ಎಣ್ಣೆ ಹಚ್ಚಿ ಪೂಜಿಸುತ್ತಾರೆ. ಚಪ್ಪಲಿ ಬಿಟ್ಟು, ಅಪ್ಪಣೆ ಕೇಳಿ ಹತ್ತಿರ ಹೋಗಿ. ಅವರ ಕಥೆ ಶಾಸನದ ಕಥೆಗಿಂತ ಬೇರೆಯಾಗಿದ್ದರೆ ಅದನ್ನೂ ಬರೆದುಕೊಳ್ಳಿ. ಕಲ್ಲು ಬಂಡೀಪುರದ ಅರಣ್ಯದೊಳಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ.

ಬಳಿಕ ಗ್ರಂಥಾಲಯಕ್ಕೆ ಹೋಗಿ. ಬಿ.ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಸೇರಿವೆ. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಇದರ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ಅಲ್ಲಿ ಶಾಸನಗಳನ್ನು ತಾಲ್ಲೂಕು, ಊರುಗಳ ಪ್ರಕಾರ ಜೋಡಿಸಿದ್ದಾರೆ. ನಿಮ್ಮ ಊರಿನ ಹೆಸರನ್ನು ಹುಡುಕಿ. ಪುಸ್ತಕದಲ್ಲಿರುವ ಕಲ್ಲು ಊರಿನಲ್ಲಿ ಈಗಲೂ ಇದೆಯೆ? ಊರಿನಲ್ಲಿರುವ ಕಲ್ಲು ಪುಸ್ತಕದಲ್ಲಿದೆಯೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಬರೆದರೆ ಅದೇ ಒಂದು ಒಳ್ಳೆಯ ಸಂಶೋಧನೆ.

ಈ ಕೆಲಸಕ್ಕೆ ಆತುರವೂ ಇದೆ. 1961ರ ರಾಜ್ಯ ಕಾಯಿದೆಯಡಿ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳಿಗೆ ರಕ್ಷಣೆಯಿದೆ. ಆದರೆ ಹಳ್ಳಿಗಳ ವೀರಗಲ್ಲುಗಳಲ್ಲಿ ಬಹುಪಾಲು ಆ ಪಟ್ಟಿಗೆ ಸೇರಿಲ್ಲ. ರಸ್ತೆ ಅಗಲ ಮಾಡುವಾಗ ಕೆಲವು ಮಣ್ಣಿನಡಿ ಹೋಗುತ್ತವೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗುತ್ತವೆ, ಮೋರಿಯ ಚಪ್ಪಡಿಯಾಗುತ್ತವೆ. ಅಡಿಯಲ್ಲಿ ನಿಧಿಯಿದೆ ಎಂಬ ಭ್ರಮೆಯಿಂದ ಕೆಲವನ್ನು ರಾತ್ರೋರಾತ್ರಿ ಕಿತ್ತು ಹಾಕುತ್ತಾರೆ. ವೀರಗಲ್ಲಿನ ಕೆಳಗೆ ನಿಧಿ ಹೂಳುವ ಪದ್ಧತಿ ಇರಲಿಲ್ಲ. ಇರುವ ನಿಧಿಯೆಲ್ಲ ಕಲ್ಲಿನ ಮೇಲೆಯೇ ಇದೆ, ಅದನ್ನು ಓದಬೇಕು ಅಷ್ಟೆ. ಕಲ್ಲು ಒಮ್ಮೆ ಜಾಗ ಬಿಟ್ಟರೆ, ಆ ಕಾಳಗ ಯಾವ ಊರಿನದು, ಆ ಗದ್ದೆ ಯಾವ ಕೆರೆಯ ಕೆಳಗಿನದು ಎಂಬ ಸಂಬಂಧವೇ ಕಡಿದುಹೋಗುತ್ತದೆ.

ನಮ್ಮ ಪರಂಪರೆಯನ್ನು ಗೌರವಿಸಿ ಉಳಿಸುವುದು ಸಂವಿಧಾನದ 51ಎ ವಿಧಿ ಹೇಳುವ ಮೂಲಭೂತ ಕರ್ತವ್ಯಗಳಲ್ಲಿ ಒಂದು. ಕಲ್ಲಿಗೆ ಅಪಾಯವಿದೆಯೆಂದು ಕಂಡರೆ ಗ್ರಾಮ ಪಂಚಾಯಿತಿಗೆ, ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ನಿಮ್ಮ ಅಧ್ಯಾಪಕರ ಮೂಲಕ ಫೋಟೋ ಸಹಿತ ಬರೆದು ತಿಳಿಸಿ. ಬಿದ್ದ ಕಲ್ಲನ್ನು ನೀವೇ ಎತ್ತಿ ಬೇರೆ ಕಡೆ ನಿಲ್ಲಿಸಲು ಹೋಗಬೇಡಿ.

ಬರುವ ಭಾನುವಾರ ನಾಲ್ಕು ಜನ ಸ್ನೇಹಿತರು ಸೇರಿ, ಒಂದು ನೋಟುಪುಸ್ತಕ, ಒಂದು ಅಳತೆ ಟೇಪು ಹಿಡಿದು ಹೊರಡಿ. ಸೂರ್ಯ ಚಂದ್ರರಿರುವವರೆಗೂ ಹೆಸರಿರಲಿ ಎಂದು ಬಯಸಿದ ಆ ಊರಿನವರು ಈಗ ಇಲ್ಲ. ಆ ಹೆಸರನ್ನು ಓದುವವರು ನೀವೇ ಆಗಬೇಕು.