ಉಪ್ಪಿನ ಹಾದಿಯಲ್ಲಿ ಎರಡು ಚಕ್ರ

ಅಜ್ಜನ ಮನೆಯ ದೇವರ ಪೆಟ್ಟಿಗೆಯಲ್ಲಿ ಎರಡು ಸಾಲಿಗ್ರಾಮಗಳಿದ್ದವು. ಮಕ್ಕಳು ಮುಟ್ಟುವಂತಿರಲಿಲ್ಲ. ಅಭಿಷೇಕದ ಹೊತ್ತಿಗೆ ಇಣುಕಿ ನೋಡಬಹುದಿತ್ತು, ಅಷ್ಟೇ. ಒಂದರಲ್ಲಿ ಸಣ್ಣ ಬಾಯಿ, ಬಾಯೊಳಗೆ ಸುರುಳಿ ಸುರುಳಿ ಗೆರೆ. 'ಅದು ಚಕ್ರ ಕಣೋ, ಗಂಡಕಿ ನದೀಲಿ ಸಿಗೋದು' ಎನ್ನುತ್ತಿದ್ದರು ಅಜ್ಜ. ಗಂಡಕಿ ಎಲ್ಲಿದೆ ಎಂದರೆ ಉತ್ತರದ ಗೋಡೆಯ ಕಡೆಗೆ ಕೈ ಬೀಸುತ್ತಿದ್ದರು. ನಲವತ್ತು ವರ್ಷ ಕಳೆದ ಮೇಲೆ ನಾನು ಆ ನದಿಯ ಪಾತ್ರ ಮುಟ್ಟಿದೆ. ಮಡಿಯುಟ್ಟು ಅಲ್ಲ, ಮೊಣಕಾಲಿಗೆ ಪ್ಯಾಡು ಕಟ್ಟಿಕೊಂಡು, ಬಾಡಿಗೆ ಸೈಕಲ್ಲಿನ ಮೇಲೆ, ಮೈತುಂಬ ಬೂದುಬಣ್ಣದ ಧೂಳು ಮೆತ್ತಿಕೊಂಡು.

ನೇಪಾಳದ ಮುಸ್ತಾಂಗ್ ಜಿಲ್ಲೆಯಲ್ಲಿ ಕಾಳಿಗಂಡಕಿ ಹರಿಯುತ್ತದೆ. ಒಂದು ಬದಿಗೆ 8,167 ಮೀಟರ್ ಎತ್ತರದ ಧವಳಗಿರಿ, ಇನ್ನೊಂದು ಬದಿಗೆ 8,091 ಮೀಟರಿನ ಅನ್ನಪೂರ್ಣ. ಇವೆರಡರ ನಡುವಿನ ಸಂದಿಯಲ್ಲಿ ನದಿ ನುಗ್ಗಿ ದಕ್ಷಿಣಕ್ಕೆ ಇಳಿಯುತ್ತದೆ. ಮಳೆ ಮೋಡಗಳು ಈ ಗೋಡೆ ದಾಟುವುದು ಅಪರೂಪ. ಹಾಗಾಗಿ ಬೆಟ್ಟದಾಚೆಗಿನ ಮುಸ್ತಾಂಗ್ ಒಣ ನಾಡು: ಬೋಳು ಗುಡ್ಡ, ಮಣ್ಣಿನ ಮಟ್ಟಸ ತಾರಸಿಯ ಮನೆಗಳು, ತಾರಸಿಯ ಅಂಚಿಗೆ ಒಪ್ಪವಾಗಿ ಪೇರಿಸಿದ ಸೌದೆ, ನಡುನಡುವೆ ಕಾಲುವೆ ನೀರು ಹರಿದಲ್ಲಿ ಮಾತ್ರ ಜವೆಗೋಧಿಯ ಹಸಿರು. ಒಂದು ಕಾಲಕ್ಕೆ ಇದೆಲ್ಲ ಟೆಥಿಸ್ ಎಂಬ ಕಡಲಿನ ತಳ. ಭಾರತದ ಭೂಫಲಕ ಉತ್ತರಕ್ಕೆ ಒತ್ತಿಕೊಂಡು ಬಂದು ಅದನ್ನು ಮೇಲಕ್ಕೆ ಎತ್ತಿತು. ಹತ್ತು ಕೋಟಿ ವರ್ಷಕ್ಕೂ ಹಿಂದಿನ ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪು ಕಲ್ಲಾಗಿ, ನದಿಯಲ್ಲಿ ಉರುಳಿ ನುಣುಪಾಗಿ, ಉಡುಪಿಯ ಮಠಗಳಿಗೂ ಅಜ್ಜನ ಪೆಟ್ಟಿಗೆಗೂ ಬಂದು ಸೇರಿದೆ.

ಇಲ್ಲಿಗೆ ಸೈಕಲ್ ಯಾಕೆ ಬಂತು ಎನ್ನುವ ಮೊದಲು ಹಾದಿ ಯಾಕೆ ಬಂತು ಎಂದು ನೋಡಬೇಕು. ಉಪ್ಪಿಗಾಗಿ ಬಂತು. ಟಿಬೆಟ್ಟಿನ ಸರೋವರಗಳ ಉಪ್ಪು ಮತ್ತು ಉಣ್ಣೆ ಕೆಳಕ್ಕೆ, ಕೆಳಗಿನ ಗುಡ್ಡಗಳ ಅಕ್ಕಿ ಮತ್ತು ಧಾನ್ಯ ಮೇಲಕ್ಕೆ. ಶತಮಾನಗಳ ಕಾಲ ನಡೆದ ವಿನಿಮಯ ಇದು. ಮೇಲೆ ಗೋಡೆ ಕಟ್ಟಿದ ಪಟ್ಟಣ ಲೋ ಮಂಥಾಂಗ್, ಅಲ್ಲಿ ಲೋ ರಾಜವಂಶ. ರಾಜಪದವಿ ಅಧಿಕೃತವಾಗಿ ಹೋದದ್ದು 2008ರಲ್ಲಿ. ಕೆಳಗೆ ಟುಕುಚೆ, ಥಕಾಲಿ ವ್ಯಾಪಾರಿಗಳ ಊರು. ಉಪ್ಪಿನ ಸುಂಕದ ಗುತ್ತಿಗೆ ಹಿಡಿದು ಅವರು ಸಾಹುಕಾರರಾದರು. ಟುಕುಚೆಯ ಹಳೆಯ ಮನೆಗಳ ಅಂಗಳ ಇವತ್ತಿಗೂ ಮನೆಗಿಂತ ದೊಡ್ಡದು. ಹೊರೆ ಇಳಿಸಿದ ಪ್ರಾಣಿಗಳು ಅಲ್ಲಿ ನಿಲ್ಲಬೇಕಿತ್ತಲ್ಲ. ಆಮೇಲೆ ಭಾರತದ ಕಡಲ ಉಪ್ಪು ಅಗ್ಗಕ್ಕೆ ಬೆಟ್ಟ ಹತ್ತಿತು. 1959ರ ನಂತರ ಟಿಬೆಟ್ ಗಡಿ ಬಿಗಿಯಾಯಿತು. ಥಕಾಲಿಗಳು ಪೋಖರಾ, ಕಠ್ಮಂಡುಗಳಿಗೆ ಇಳಿದು ಊಟದ ಮನೆಗಳನ್ನು ತೆರೆದರು. ಅವರ ತಟ್ಟೆಯಲ್ಲಿ ಬರುವ ಧಿಂಡೋ ನಮ್ಮ ಮುದ್ದೆಯ ದಾಯಾದಿ. ರಾಗಿಯದೂ ಉಂಟು, ಇಲ್ಲಿ ಮೇಲೆ ಫಾಪರ್ ಎಂಬ ಕಾಳಿನದು.

ಉಪ್ಪು ಹೋಯಿತು, ಹಾದಿ ಉಳಿಯಿತು. 2000ದ ದಶಕದ ಕೊನೆಗೆ ಜೀಪು ಓಡುವ ರಸ್ತೆ ಕೆಳಗಿನ ಬೇನಿ ಪಟ್ಟಣದಿಂದ ಮುಸ್ತಾಂಗಿನ ಜೋಮ್‌ಸೋಮ್‌ಗೆ ಬಂದ ಮೇಲೆ ಹೇಸರಗತ್ತೆಗಳ ಕೆಲಸವೂ ಕಡಿಮೆಯಾಯಿತು. ಚಾರಣಿಗರು ಜೀಪಿನ ಧೂಳಿಗೆ ಬೈದುಕೊಂಡರು. ಸೈಕಲ್ಲಿನವರಿಗೆ ಮಾತ್ರ ಹೀಗೆ ಖಾಲಿಬಿದ್ದ ಹಳೆಯ ಹಾದಿಯಿಂದ ಲಾಭವಾಯಿತು ಎಂದು ನನ್ನ ಎಣಿಕೆ. ಹೊರೆ ಹೊತ್ತ ಹೇಸರಗತ್ತೆ ತೀರಾ ಕಡಿದಾದ ಏರಿಗೆ ಒಪ್ಪುವುದಿಲ್ಲ, ಹಟ ಹಿಡಿದು ನಿಲ್ಲುತ್ತದೆ. ಅದಕ್ಕಾಗಿ ಹಾದಿ ಮಾಡಿದವರು ಗುಡ್ಡವನ್ನು ನೇರ ಹತ್ತದೆ, ತಿರುವು ತಿರುವಾಗಿ ಬಳಸಿ ಹತ್ತಿದರು. ಆ ಇಳಿಜಾರು ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಬೇರೆ ದೇಶಗಳಲ್ಲಿ ಯಂತ್ರ ಇಳಿಸಿ, ಹಣ ಸುರಿದು ಸೈಕಲ್ ಹಾದಿ ಕಡಿಯುತ್ತಾರೆ. ಇಲ್ಲಿ ಆ ಕೆಲಸವನ್ನು ಕತ್ತೆಯ ಮೊಂಡುತನವೇ ಮಾಡಿಟ್ಟಿದೆ.

ಮೌಂಟನ್ ಬೈಕಿಂಗ್ ಎಂಬ ಕಸುಬಿಗೆ ವಯಸ್ಸು ಹೆಚ್ಚಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮೇಲಿಂದ ಓಡಿಸುವ ಪಂದ್ಯ ಶುರು ಮಾಡಿದರು. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಅದು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು ಬಿತ್ತು. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ, ಅದು ಪದಕದ ಆಟವಾಯಿತು.

ನೇಪಾಳದವರು ಇದನ್ನು ಕೈಗೆತ್ತಿಕೊಂಡ ಬಗೆ ಬೇರೆ. 2007ರಲ್ಲಿ 'ಯಾಕ್ ಅಟ್ಯಾಕ್' ಎಂಬ ಹಲವು ದಿನಗಳ ಪಂದ್ಯ ಶುರುವಾಯಿತು. ಅನ್ನಪೂರ್ಣವನ್ನು ಸುತ್ತಿ 5,416 ಮೀಟರ್ ಎತ್ತರದ ಥೊರೊಂಗ್ ಲಾ ಕಣಿವೆದಾರಿಯನ್ನು ಸೈಕಲ್ಲಿನೊಡನೆ ದಾಟುವ ಪಂದ್ಯ. ಅಷ್ಟು ಮೇಲೆ ಉಸಿರಿಗೆ ಸಿಗುವ ಆಮ್ಲಜನಕ ಕಡಲ ಮಟ್ಟದ ಅರ್ಧದಷ್ಟು. ಹಾಗಾಗಿ ದಾಟುವುದೆಂದರೆ ಬಹುಪಾಲು ತಳ್ಳುವುದು, ಇಲ್ಲವೇ ಹೆಗಲಿಗೇರಿಸುವುದು. ಇನ್ನು ರಾಜೇಶ್ ಮಗರ್. ಕಠ್ಮಂಡುವಿನಲ್ಲಿ ಗುಜರಿ ಬಿಡಿಭಾಗಗಳಿಂದ ತಾನೇ ಸೈಕಲ್ ಜೋಡಿಸಿಕೊಂಡು ಓಡಿಸುತ್ತಿದ್ದ ಹುಡುಗ ಮುಂದೆ ಡೌನ್‌ಹಿಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ. ಅವನ ಕತೆ 2018ರಲ್ಲಿ 'ಆರ್‌ಜೆ ರಿಪ್ಪರ್' ಎಂಬ ಕಿರುಸಾಕ್ಷ್ಯಚಿತ್ರವಾಗಿ ಬಂತು.

ನಾವು ಇಳಿದದ್ದು ಮುಕ್ತಿನಾಥದಿಂದ ಲುಬ್ರಾ ಎಂಬ ಹಳ್ಳಿಯ ಮೇಲೆ ಜೋಮ್‌ಸೋಮ್‌ಗೆ ಬರುವ ಹಾದಿ. ಮುಕ್ತಿನಾಥ ಸುಮಾರು 3,700 ಮೀಟರಿನಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು. ವೈಷ್ಣವರಿಗೆ 108 ದಿವ್ಯದೇಶಗಳಲ್ಲಿ ಒಂದು, ಬೌದ್ಧರಿಗೂ ಅಷ್ಟೇ ಪವಿತ್ರ. ಗುಡಿಯ ಹಿಂದೆ ಸಾಲಾಗಿ 108 ನೀರಿನ ಬಾಯಿಗಳು, ಎಲ್ಲದಕ್ಕೂ ಪಶುಮುಖ. ಬೆಳಗಿನ ಐದೂವರೆಗೆ ಯಾತ್ರಿಕರೊಬ್ಬರು ಒಂದೊಂದರ ಕೆಳಗೂ ತಲೆಯೊಡ್ಡಿ ಓಡುತ್ತಿದ್ದರು, ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಬೆರಳು ಅದ್ದಿ ಕಣ್ಣಿಗೊತ್ತಿಕೊಂಡು ಪುಣ್ಯ ಸಂಪಾದಿಸಿದೆ.

ಹೊರಡುವ ಮುಂಚೆ ಗೈಡ್ ಹುಡುಗ ಟೈರಿನ ಗಾಳಿ ಇಳಿಸಿದ. ಊರಿನಲ್ಲಿ ಗಾಳಿ ಗಟ್ಟಿಯಾಗಿ ತುಂಬಿಸಿದಷ್ಟೂ ಒಳ್ಳೆಯದು ಎಂದು ಬೆಳೆದವನಿಗೆ ಇದು ಕಳವಳ. ಆದರೆ ಮೆದುವಾದ ಟೈರು ಕಲ್ಲನ್ನು ಅಪ್ಪಿ ಹಿಡಿಯುತ್ತದೆ, ಗಟ್ಟಿಯಾದದ್ದು ಪುಟಿದು ಬೀಳಿಸುತ್ತದೆ. ಇಳಿಯುವಾಗ ಸೀಟು ಬೇಡವೇ ಬೇಡ. ಹ್ಯಾಂಡಲ್ಲಿನ ಬಳಿ ಒಂದು ಗುಂಡಿ ಒತ್ತಿ ಮೈಭಾರ ಹಾಕಿದರೆ ಅದು ಕೆಳಕ್ಕೆ ಕುಸಿಯುತ್ತದೆ. ಎರಡು ಪೆಡಲೂ ನೆಲಕ್ಕೆ ಸಮನಾಗಿ, ನಿಂತು, ಮೊಣಕಾಲು ಬಾಗಿಸಿ, ಸೊಂಟ ಹಿಂದಕ್ಕೆ, ಎದೆ ಕೆಳಕ್ಕೆ. ಬ್ರೇಕಿಗೆ ಒಂದೇ ಬೆರಳು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಮೂರು ನಾಲ್ಕು ಮಾರು ಮುಂದೆ. ಕಲ್ಲನ್ನು ನೋಡಿದರೆ ಕಲ್ಲಿಗೇ ಹೋಗುತ್ತೀರಿ. ಇದರಲ್ಲಿ ಸುಳ್ಳಿಲ್ಲ, ನನ್ನ ಎಡ ಮೊಣಕೈ ಸಾಕ್ಷಿ.

ಮೊದಲು ಮುಕ್ತಿನಾಥದ ದಕ್ಷಿಣದ ದಿಣ್ಣೆ ಹತ್ತಬೇಕು. ಹತ್ತು ಹೆಜ್ಜೆ ತಳ್ಳಿ ನಾಲ್ಕು ಉಸಿರು. 'ಬಿಸ್ತಾರೈ, ದಾಯಿ' ಎನ್ನುತ್ತಿದ್ದ ಹುಡುಗ, 'ನಿಧಾನ, ಅಣ್ಣ' ಎಂದು. ದಿಣ್ಣೆಯ ನೆತ್ತಿಯಲ್ಲಿ ಎದುರಿಗೆ ನೀಲಗಿರಿ. ಊಟಿಯ ನೀಲಗಿರಿಯಲ್ಲ, 7,061 ಮೀಟರಿನ ಹಿಮದ ರಾಶಿ. ಅಲ್ಲಿಂದ ಒಂದೇ ಇಳಿತ. ಹಾದಿಯ ಅಗಲ ಎರಡು ಗೇಣು, ಪುಡಿಗಲ್ಲು ಹಾಸಿದ ಹಾಗೆ. ಬಲಕ್ಕೆ ಬೆಟ್ಟ, ಎಡಕ್ಕೆ ಏನೂ ಇಲ್ಲ.

ಅರ್ಧ ದಾರಿಯಲ್ಲಿ ನನ್ನ ಹಿಂದಿನ ಬ್ರೇಕು ಕಿರುಚಿ ಸೋತಿತು. ಬಾಡಿಗೆ ಕೊಟ್ಟ ಅಂಗಡಿಯವನು ಪ್ಯಾಡು ಹೊಸದು ಎಂದಿದ್ದ. ಬಿಚ್ಚಿ ನೋಡಿದರೆ ಉಗುರಿನ ದಪ್ಪವೂ ಉಳಿದಿರಲಿಲ್ಲ. ಪೂರ್ತಿ ತಪ್ಪು ಅವನದೂ ಅಲ್ಲ. ಹೆದರಿಕೆಗೆ ನಾನು ಬ್ರೇಕು ಒತ್ತಿ ಹಿಡಿದೇ ಬಂದಿದ್ದೆ. ಹಾಗೆ ಉಜ್ಜುತ್ತಾ ಬಂದರೆ ಡಿಸ್ಕು ಕಾದು ಹಿಡಿತ ಬಿಡುತ್ತದೆ. ಗಟ್ಟಿಯಾಗಿ ಒತ್ತಿ ಬಿಡಬೇಕು, ಒತ್ತಿ ಬಿಡಬೇಕು. ಮತ್ತೊಂದು, ಹಿಂದಿನ ಚಕ್ರ ಬಿಗಿದು ಜಾರಿಸಿದರೆ ನೆಲದಲ್ಲಿ ಗೀರು ಬೀಳುತ್ತದೆ. ಮಳೆ ಬಂದಾಗ ನೀರು ಅದೇ ಗೀರು ಹಿಡಿದು ಹಾದಿಯನ್ನು ಕೊರೆಯುತ್ತದೆ. ಹುಡುಗನಿಗೆ ನನ್ನ ಮೊಣಕೈಗಿಂತ ಆ ಗೀರಿನದೇ ಚಿಂತೆ. ತನ್ನ ಜೋಡಿನಿಂದ ಕಲ್ಲು ತಳ್ಳಿ ಮುಚ್ಚಿ ಬಂದ.

ಹೇಸರಗತ್ತೆ ಎದುರಾದರೆ ಇಳಿದು ಬೆಟ್ಟದ ಬದಿಗೆ ಒತ್ತಿ ನಿಲ್ಲಬೇಕು, ಪ್ರಪಾತದ ಬದಿಗೆ ಎಂದಿಗೂ ಅಲ್ಲ. ಹೊರೆ ತಗುಲಿದರೆ ಅದಕ್ಕೆ ನೀವು ಬಿದ್ದದ್ದೂ ತಿಳಿಯುವುದಿಲ್ಲ. ದಾರಿಯಲ್ಲಿ ಸಿಗುವ ಮಂತ್ರ ಕೆತ್ತಿದ ಕಲ್ಲುಗೋಡೆ, ಚೋರ್ಟೆನ್ ಎಂಬ ಸ್ತೂಪಗಳನ್ನು ಬಲಕ್ಕೆ ಇಟ್ಟುಕೊಂಡೇ ಸಾಗಬೇಕು, ನಮ್ಮ ಪ್ರದಕ್ಷಿಣೆಯ ಹಾಗೆ. ನಾನು ಇದನ್ನು ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದೆ. ಲುಬ್ರಾದ ಅಂಚಿಗೆ ಬಂದಾಗ ಮೊದಲ ಚೋರ್ಟೆನ್ನನ್ನು ಭಕ್ತಿಯಿಂದ ಬಲಕ್ಕೆ ಇಟ್ಟು ತಿರುಗಿಸಿದೆ. ಹೊಲದಲ್ಲಿದ್ದ ಅಜ್ಜಿಯೊಬ್ಬರು ಕೈಯಾಡಿಸಿ ಏನೋ ಕೂಗಿದರು. ಹುಡುಗ ನಕ್ಕ: 'ಇದು ಬೋನ್ ಊರು ದಾಯಿ, ಇಲ್ಲಿ ಉಲ್ಟಾ.' ಬೌದ್ಧ ಧರ್ಮ ಬರುವ ಮೊದಲಿನಿಂದ ಬಂದದ್ದು ಎಂದು ಹೇಳಿಕೊಳ್ಳುವ ಬೋನ್ ಮತದವರು ಎಡಕ್ಕೆ ಇಟ್ಟುಕೊಂಡು ಸುತ್ತುತ್ತಾರೆ. ಸುತ್ತ ಎಲ್ಲ ಊರುಗಳೂ ಒಂದು ದಿಕ್ಕಿಗೆ ತಿರುಗುವಾಗ ಈ ಬೆರಳೆಣಿಕೆಯ ಮನೆಗಳು ನೂರಾರು ವರ್ಷಗಳಿಂದ ಇನ್ನೊಂದು ದಿಕ್ಕಿಗೆ ತಿರುಗುತ್ತಾ ಬಂದಿವೆ. ನಾನು ಹಿಂದಕ್ಕೆ ತಳ್ಳಿಕೊಂಡು ಹೋಗಿ ಎಡಕ್ಕೆ ಇಟ್ಟುಕೊಂಡು ಮತ್ತೆ ಬಂದೆ. ಅಜ್ಜಿ ತಲೆಯಾಡಿಸಿ ಕಳೆ ಕೀಳಲು ಬಗ್ಗಿದರು.

ಹೋಗುವುದಾದರೆ ಅಕ್ಟೋಬರ್–ನವೆಂಬರ್, ಇಲ್ಲವೇ ಮಾರ್ಚ್‌ನಿಂದ ಮೇ. ಪೋಖರಾದಿಂದ ಜೋಮ್‌ಸೋಮ್‌ಗೆ ವಿಮಾನದಲ್ಲಿ ಇಪ್ಪತ್ತೇ ನಿಮಿಷ. ಬೇಗ ಬಂದಿಳಿದೆ ಎಂದು ಅದೇ ದಿನ ಮುಕ್ತಿನಾಥಕ್ಕೆ ಏರಬಾರದು, ತಲೆನೋವು ಹಿಡಿಯುತ್ತದೆ. ನಡುವೆ ಕಾಗ್ಬೇನಿಯಲ್ಲಿ ಒಂದು ರಾತ್ರಿ ಉಳಿಯಿರಿ. ಪಿತೃಗಳಿಗೆ ಪಿಂಡ ಬಿಡಲು ಬಂದವರೂ ಸೈಕಲ್ ಚೈನಿಗೆ ಎಣ್ಣೆ ಬಿಡುವವರೂ ಒಂದೇ ಅಂಗಳದಲ್ಲಿ ಚಹ ಕುಡಿಯುವ ಊರು ಅದು.

ವಿಮಾನಗಳು ಬೆಳಿಗ್ಗೆ ಮಾತ್ರ ಹಾರುತ್ತವೆ, ಕಾರಣ ಗಾಳಿ. ಮೇಲಿನ ಪ್ರಸ್ಥಭೂಮಿ ಬಿಸಿಲಿಗೆ ಕಾದು ಅಲ್ಲಿನ ಗಾಳಿ ಏರುತ್ತದೆ. ಆ ಜಾಗ ತುಂಬಲು ಕೆಳಗಿನ ಗಾಳಿಯೆಲ್ಲ ಎರಡು ಪರ್ವತಗಳ ಸಂದಿಯಿಂದ ನುಗ್ಗುತ್ತದೆ. ಹತ್ತು ಹನ್ನೊಂದು ಗಂಟೆಗೆ ಶುರುವಾದರೆ ಸಂಜೆಯವರೆಗೆ ಬಿಡುವಿಲ್ಲ. ನಾವು ಲುಬ್ರಾದಲ್ಲಿ ಆಲೂಗಡ್ಡೆ ತಿನ್ನುತ್ತಾ ಕೂತು ತಡ ಮಾಡಿದೆವು. ಪಾಂಡಾ ಖೋಲಾ ಹಳ್ಳದ ಉರುಟುಗಲ್ಲುಗಳ ಮೇಲೆ ಕುಲುಕಿಕೊಂಡು ಕಾಳಿಗಂಡಕಿಯ ಬಯಲಿಗೆ ಬಂದಾಗ ಹನ್ನೆರಡು. ಮುಂದೆ ನದಿಯ ಜೊತೆಗೇ ಜೋಮ್‌ಸೋಮ್‌ಗೆ ಇಳಿಜಾರು. ಪೆಡಲು ತುಳಿಯದೆ ಹೋಗಬಹುದೆಂದು ಕಾಲು ಸಡಿಲ ಬಿಟ್ಟೆ. ಸೈಕಲ್ ನಿಂತಿತು. ಅತಿ ಚಿಕ್ಕ ಗೇರಿಗೆ ಹಾಕಿ ಎದ್ದು ತುಳಿದೆ, ಆದರೂ ನಿಂತಿತು. ಮರಳು ಹಲ್ಲಿನ ಸಂದಿಗೆ ಬಂದು ಕೂತಿತು. ದಾರಿಯ ಪಕ್ಕ ಮೂರು ಹೇಸರಗತ್ತೆಗಳು ಗಾಳಿಗೆ ಬಾಲ ತಿರುಗಿಸಿ, ಕಣ್ಣು ಮುಚ್ಚಿ ನಿಂತಿದ್ದವು. ಹುಡುಗ ಆಗಲೇ ಇಳಿದು ನಡೆಯುತ್ತಿದ್ದ. ನಾನೂ ಇಳಿದೆ. ಇಳಿಜಾರಿನಲ್ಲಿ ಸೈಕಲ್ ತಳ್ಳಿಕೊಂಡು ಹೋದದ್ದು ನನಗೆ ಅದೇ ಮೊದಲು.