ಹಿಟ್ಟಿನ ಲೆಕ್ಕಕ್ಕೂ ಎಐ

ಬಿಲ್ಲಿಂಗ್ ಮೆಷಿನ್ ಮಾರಲು ಬರುವವರ ಬಾಯಲ್ಲಿ ಈಗ ಒಂದೇ ಮಾತು: ಎಐ, ಅಂದರೆ ಕೃತಕ ಬುದ್ಧಿಮತ್ತೆ. ನಾಳೆಗೆ ಎಷ್ಟು ಹಿಟ್ಟು ರುಬ್ಬಬೇಕೆಂದು ಅದೇ ಹೇಳುತ್ತದಂತೆ!

ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್, ಕಾರಿನಲ್ಲೇ ಕುಳಿತ ಗಿರಾಕಿಗಳ ಆರ್ಡರನ್ನು ಐಬಿಎಂ ನೆರವಿನ ಎಐಯಿಂದ ತೆಗೆದುಕೊಳ್ಳುವ ಪ್ರಯೋಗ ನಡೆಸಿತು. ಕೇಳದ ತಿಂಡಿ ಬಿಲ್ಲಿಗೆ ಸೇರಿದ ವೀಡಿಯೊಗಳು ಹರಿದಾಡಿದವು. 2024ರಲ್ಲಿ ನೂರಕ್ಕೂ ಹೆಚ್ಚು ಮಳಿಗೆಗಳಿಂದ ಅದನ್ನು ತೆಗೆಸಿದರು. ಅಷ್ಟು ಕಡೆ ಪರೀಕ್ಷಿಸುವ ತಾಕತ್ತು ಅವರಿಗಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಇರುವುದು ಒಂದೇ ಗಲ್ಲಾ.

ಹಿಟ್ಟಿನ ಅಂದಾಜಿಗೆ ಎಐ ನೋಡುವುದು ನಮ್ಮ ಹಳೆಯ ಬಿಲ್ಲುಗಳನ್ನು. ಹುಳಿ ಬಂದು ಚೆಲ್ಲಿದ್ದು, ಸ್ಟಾಫ್ ತಿಂದದ್ದು ಬಿಲ್ಲಿನಲ್ಲಿ ಇರುವುದಿಲ್ಲ, ಭಟ್ಟರಿಗೆ ಗೊತ್ತಿರುತ್ತದೆ. ಆದ್ದರಿಂದ ಒಂದು ತಿಂಗಳು ಭಟ್ಟರ ಅಂದಾಜು, ಮೆಷಿನ್ನಿನ ಅಂದಾಜು ಎರಡನ್ನೂ ಬರೆದಿಡೋಣ. ನಾಳೆ ಮೆಷಿನ್ ಬದಲಿಸಿದರೆ ಬಿಲ್ಲುಗಳ ದಾಖಲೆ ನಮಗೇ ಸಿಗುತ್ತದೆಂದು ಬರೆಸಿಕೊಳ್ಳೋಣ. ವರ್ಷದ ಹಣ ಆಮೇಲೆ ಕೊಟ್ಟರಾಯಿತು.