ತಂತ್ರಾಂಶ ನವೀಕರಣ: ಮೊದಲು ಒಂದು ಗಣಕಯಂತ್ರ, ಅನಂತರ ಉಳಿದವು

2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳು ಜಾರಿಗೆ ಬಂದವು. ಬೆಣ್ಣೆ, ತುಪ್ಪಗಳ ತೆರಿಗೆ ಶೇ. 12ರಿಂದ 5ಕ್ಕೂ, ಸಿಮೆಂಟಿನದು ಶೇ. 28ರಿಂದ 18ಕ್ಕೂ ಇಳಿಯಿತು. ಹಿಂದಿನ ರಾತ್ರಿ ಹಳೆಯ ದರದಲ್ಲಿ ಬಿಲ್ಲು ಬರೆದ ಅಂಗಡಿ ಬೆಳಿಗ್ಗೆ ಹೊಸ ದರದಲ್ಲಿ ಬರೆಯಬೇಕಾಯಿತು. ಮೂರು ವಾರಗಳ ತರುವಾಯ, ಅಕ್ಟೋಬರ್ 14ರಂದು, ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ತಂತ್ರಾಂಶವನ್ನು ಒಮ್ಮೆ ಕೊಂಡರೆ ಕೆಲಸ ಮುಗಿಯಿತೆಂಬ ಭಾವನೆ ಎಷ್ಟು ತಪ್ಪೆಂಬುದು ಈ ಎರಡು ದಿನಾಂಕಗಳಿಂದ ಸ್ಪಷ್ಟವಾಗುತ್ತದೆ.

ಶ್ರೀರಂಗಪಟ್ಟಣದ ಬಳಿಯ ಬಾಬುರಾಯನಕೊಪ್ಪಲಿನಲ್ಲಿ ಒಂದು ಅಕ್ಕಿ ಗಿರಣಿಯಿದೆಯೆಂದು ಭಾವಿಸೋಣ. ವೇಬ್ರಿಡ್ಜಿನ ಕೊಠಡಿಯಲ್ಲಿ ಒಂದು, ಬಿಲ್ಲಿನ ಮೇಜಿನ ಮೇಲೆ ಎರಡು, ಲೆಕ್ಕಪತ್ರ ವಿಭಾಗದಲ್ಲಿ ಒಂದು, ಹೀಗೆ ನಾಲ್ಕು ಗಣಕಯಂತ್ರಗಳಿದ್ದು, ಎಲ್ಲಕ್ಕೂ ಲೆಕ್ಕದ ಕಡತ ಒಂದೇ. ಗುಮಾಸ್ತರೊಬ್ಬರು ತಮ್ಮ ಯಂತ್ರಕ್ಕೆ ಮಾತ್ರ ಹೊಸ ಆವೃತ್ತಿಯನ್ನು ಅಳವಡಿಸಿ ಕಡತವನ್ನು ತೆರೆದರೆ, ಅದು ಹೊಸ ರೂಪಕ್ಕೆ ಬದಲಾಗಿ ಉಳಿದ ಮೂರು ಯಂತ್ರಗಳಲ್ಲಿ ತೆರೆಯದೇ ಹೋಗಬಹುದು. ಭತ್ತದ ಲಾರಿಗಳು ಗೇಟಿನಲ್ಲಿ ಸಾಲುಗಟ್ಟಿರುವ ಸುಗ್ಗಿಯ ದಿನ ಇದು ಸಂಭವಿಸಿದರೆ ನಷ್ಟ ಗಿರಣಿಗಷ್ಟೇ ಅಲ್ಲ, ರೈತರಿಗೂ ತಟ್ಟುತ್ತದೆ.

ಹಾಗೆಂದು ನವೀಕರಣವನ್ನು ಮುಂದೂಡುವುದೂ ಕ್ಷೇಮವಲ್ಲ. 2017ರ ಮೇ ತಿಂಗಳಿನಲ್ಲಿ ಹಬ್ಬಿದ ವಾನ್ನಾಕ್ರೈ ಕುತಂತ್ರಾಂಶವು 150ಕ್ಕೂ ಹೆಚ್ಚು ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ಪರಿಹಾರ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಕಳೆದರೂ ಅದನ್ನು ಅಳವಡಿಸದಿದ್ದ ಯಂತ್ರಗಳು ಬಲಿಯಾದವು.

ಪರೀಕ್ಷಿಸದೆ ಎಲ್ಲ ಯಂತ್ರಗಳಿಗೂ ಏಕಕಾಲಕ್ಕೆ ಅಳವಡಿಸುವುದು ಇದಕ್ಕೆ ವಿರುದ್ಧವಾದ ಅಪಾಯ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಸುರಕ್ಷಾ ತಂತ್ರಾಂಶದ ದೋಷಯುಕ್ತ ನವೀಕರಣವೊಂದು, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, ಸುಮಾರು 85 ಲಕ್ಷ ಗಣಕಯಂತ್ರಗಳನ್ನು ನಿಲ್ಲಿಸಿತು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲೇ ಬರೆದುಕೊಡಬೇಕಾಯಿತು.

ದೊಡ್ಡ ಸಂಸ್ಥೆಗಳು ಇದಕ್ಕೆ ಹಂತ ಹಂತದ ಅಳವಡಿಕೆಯನ್ನು ಅನುಸರಿಸುತ್ತವೆ. ಸಣ್ಣ ಉದ್ಯಮಕ್ಕೆ ಇದೇ ಕ್ರಮ ಹೆಚ್ಚಿನ ಖರ್ಚಿಲ್ಲದೆ ಸಾಧ್ಯ. ಮೊದಲಿಗೆ ಲೆಕ್ಕದ ಕಡತದ ಬ್ಯಾಕಪ್ ತೆಗೆದು, ಗಣಕಯಂತ್ರದಿಂದ ಬೇರ್ಪಡಿಸಿದ ಡಿಸ್ಕಿನಲ್ಲಿ ಇರಿಸಬೇಕು. ಅನಂತರ ಒಂದೇ ಯಂತ್ರದಲ್ಲಿ, ಕಡತದ ಪ್ರತಿಯೊಂದರ ಮೇಲೆ, ಹೊಸ ಆವೃತ್ತಿಯನ್ನು ಪರೀಕ್ಷಿಸಬೇಕು. ಬಿಲ್ಲು ಮುದ್ರಣವಾಗುತ್ತದೆಯೇ, ತೆರಿಗೆ ಸರಿಯಾಗಿ ಬೀಳುತ್ತದೆಯೇ, ಹಳೆಯ ಶಿಲ್ಕು ತಾಳೆಯಾಗುತ್ತದೆಯೇ ಎಂದು ನೋಡಬೇಕು. ಎಲ್ಲವೂ ಸರಿಯಿದ್ದರೆ ವಾರದ ರಜೆಯ ದಿನ ಉಳಿದ ಯಂತ್ರಗಳಿಗೆ ಒಟ್ಟಿಗೆ ಅಳವಡಿಸಬಹುದು. ವೇಬ್ರಿಡ್ಜಿನ ತಂತ್ರಾಂಶ ಹಳೆಯ ವಿಂಡೋಸ್‌ನಲ್ಲಷ್ಟೇ ನಡೆಯುವುದಾದರೆ ಆ ಯಂತ್ರಕ್ಕೆ ಅಂತರಜಾಲದ ಸಂಪರ್ಕ ಕೊಡದಿರುವುದು ಲೇಸು.

ಕಂಪನಿಯಾಗಿ ನೋಂದಾಯಿತವಾದ ಉದ್ಯಮಗಳಿಗೆ ಕಾನೂನಿನ ಹೊಣೆಯೂ ಇದೆ. 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷದಿಂದ, ಲೆಕ್ಕದಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸುವ ತಂತ್ರಾಂಶವನ್ನೇ ಅವು ಬಳಸಬೇಕು. ಈ ಸೌಲಭ್ಯವಿಲ್ಲದ ಹಳೆಯ ಆವೃತ್ತಿಯಲ್ಲೇ ಮುಂದುವರಿದರೆ ಲೆಕ್ಕಪರಿಶೋಧಕರು ಅದನ್ನು ತಮ್ಮ ವರದಿಯಲ್ಲಿ ನಮೂದಿಸುತ್ತಾರೆ.

ಯಾವ ಯಂತ್ರದಲ್ಲಿ ಯಾವ ಆವೃತ್ತಿಯಿದೆ, ಯಾವಾಗ ಬದಲಾಯಿಸಲಾಯಿತು, ಬ್ಯಾಕಪ್ ಎಲ್ಲಿದೆ ಎಂಬ ವಿವರಗಳಿಗೆ ಒಂದು ಪುಸ್ತಕ ಸಾಕು. ದಾಸ್ತಾನಿನ ಪುಸ್ತಕವನ್ನು ತಪ್ಪದೆ ಬರೆಯುವ ವರ್ತಕರಿಗೆ ಇದು ಹೊರೆಯೆನಿಸಲಾರದು.